ದೂರ ನಿಂತು ನೋಡುವವನ ಧರ್ಮ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ನಮ್ಮ ಹಿರಿಯರು ಗಾದೆ ಕಟ್ಟಿದರು. ಆ ಬೆಟ್ಟದ ಕಲ್ಲು, ಮುಳ್ಳು, ಕಲ್ಲಿನ ಮೇಲೆ ಕೂತ ಓತಿಕ್ಯಾತನನ್ನೂ ಇಲ್ಲಿಂದಲೇ ತೋರಿಸುವ ಗಾಜು ನಮ್ಮ ಕೈಗೆ ಬಂದರೆ ಆಗ ಏನು ಹೇಳಬೇಕು? ಕಾಣುವುದನ್ನೆಲ್ಲಾ ನೋಡುವ ಹಕ್ಕು ನಮಗೆ ಬಂದಂತಾಯಿತೇ? ಎದುರಿನ ಜೀವಕ್ಕೆ ಗೊತ್ತಾಗದ ಹಾಗೆ ಅದನ್ನು ನೋಡುವುದು ನೋಟವೋ, ಕಳ್ಳತನವೋ? ವಾಚನಾಲಯದ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂತ ಮೇಷ್ಟ್ರು ಕೇಳಿದಾಗ, ಬಹಳ ದಿನದಿಂದ ತಲೆಯಲ್ಲಿದ್ದ ಈ ಪ್ರಶ್ನೆಯನ್ನೇ ಬರೆಯೋಣ ಅನ್ನಿಸಿತು.

ಏಳನೇ ಕ್ಲಾಸು ಓದಿ ಕಡ್ಲೆಕಾಯಿ ಬೆಳೆಯುವವನಿಗೆ, ಭಜನೆ ಪದ ಹಾಡುವವನಿಗೆ ಕ್ಯಾಮೆರಾ ಯಾಕೆ ಅಂತ ನೀವು ಕೇಳಬಹುದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಹಳೆಯದೊಂದು ದೂರದ ಲೆನ್ಸು ಕೊಂಡು, ತಾನು ಬಳಸಿ ಬಿಟ್ಟ ಕ್ಯಾಮೆರಾದ ಜೊತೆ ನಮ್ಮ ಮನೆಯಲ್ಲಿ ಇಟ್ಟುಹೋದ. "ಹೊಸದು ತಗೊಳ್ಳೋಕೆ ಹೋದ್ರೆ ಒಂದು ಜೊತೆ ಎತ್ತಿನ ದುಡ್ಡು ಬೇಕು ಮಾವ, ಇದು ಒಂದು ಮೇಕೆ ಬೆಲೆಗೆ ಸಿಕ್ತು" ಅಂದ. ಅದು ಕಬ್ಬಿಣದ ಕೊಳವೆಯ ಹಾಗೆ ಭಾರ. ಅದರ ಮೇಲೆ 300 ಅಂತ ಬರೆದೈತೆ. 50 ಮಿಲಿಮೀಟರಿನ ಸಾಮಾನ್ಯ ಲೆನ್ಸಿಗಿಂತ ಅದು ಆರು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅರವತ್ತು ಹೆಜ್ಜೆ ಆಚೆ ಇರುವ ಹಕ್ಕಿ ಹತ್ತು ಹೆಜ್ಜೆಯಲ್ಲಿ ಇದ್ದಂಗೆ ಕಾಣುತ್ತದೆ ಅಂತ ಲೆಕ್ಕ.

ಒಳ್ಳೆಯ ಸಾಮಾನು ಇಷ್ಟು ಅಗ್ಗವಾದದ್ದು ಹೇಗೆ? ಅದು ಕೆಟ್ಟಿದ್ದಕ್ಕಲ್ಲ, ಕಾಲ ಬದಲಾಗಿದ್ದಕ್ಕೆ. 1985ರಲ್ಲಿ ಮಿನೋಲ್ಟಾ ಕಂಪನಿ 7000 ಎಂಬ ಕ್ಯಾಮೆರಾ ತಂದಿತು. ಚಿತ್ರವನ್ನು ಸ್ಪಷ್ಟಗೊಳಿಸುವ ಕೆಲಸವನ್ನು, ಅಂದರೆ ಫೋಕಸ್ಸನ್ನು, ಅದು ತಾನೇ ಮಾಡುತ್ತಿತ್ತು. 1987ರಲ್ಲಿ ಕ್ಯಾನನ್ ಕಂಪನಿ ಲೆನ್ಸು ಕೂರುವ ಬಾಯಿಯನ್ನೇ ಬದಲಿಸಿತು. ಅದರ ಹಳೆಯ ಲೆನ್ಸುಗಳು ಹೊಸ ಕ್ಯಾಮೆರಾಕ್ಕೆ ಸೇರದೆ ಮೂಲೆಗೆ ಬಿದ್ದವು. ಜಪಾನು, ರಷ್ಯಾ, ಪೂರ್ವ ಜರ್ಮನಿಯಲ್ಲಿ ತಯಾರಾದ, 42 ಮಿಲಿಮೀಟರ್ ಬಾಯಿಗೆ ತಿರುಪು ಹಾಕಿ ಕೂರಿಸುವ ಲೆನ್ಸುಗಳ ಗತಿಯೂ ಅದೇ ಆಯಿತು. ಈಗ ಒಳಗೆ ಕನ್ನಡಿಯಿಲ್ಲದ ತೆಳು ಕ್ಯಾಮೆರಾ ಬಂದ ಮೇಲೆ ನಡುವೆ ಒಂದು ಬಳೆಯಂಥ ಅಡಾಪ್ಟರ್ ಹಾಕಿ ಆ ಹಳೆಯ ಲೆನ್ಸುಗಳನ್ನು ಕೂರಿಸಬಹುದು. ಎಂಬತ್ತಾದ ಅಜ್ಜನ ಕಣ್ಣು ಚೆನ್ನಾಗಿದ್ದರೆ ದಾರಿ ತೋರಿಸುವುದಕ್ಕೆ ಅವನೇ ಸಾಕಲ್ಲವೇ, ಹಾಗೆ.

ಆದರೆ ಈ ಅಜ್ಜ ತಾನಾಗಿ ಏನೂ ಮಾಡುವುದಿಲ್ಲ. ಕೊಳವೆಯ ಮೇಲಿನ ಬಳೆಯನ್ನು ಕೈಯಿಂದ ತಿರುಗಿಸಿ ನಾವೇ ಸ್ಪಷ್ಟ ಮಾಡಿಕೊಳ್ಳಬೇಕು. ಹತ್ತು ಮೀಟರ್ ದೂರದ ಹಕ್ಕಿಯಾದರೆ, ಗಾಜಿನ ಕಿಂಡಿ ಪೂರ್ತಿ ತೆರೆದಾಗ, ಸ್ಪಷ್ಟವಾಗುವುದು ಒಂದು ಗೇಣು ಆಳ ಮಾತ್ರ. ಅದರ ಹಿಂದೆ ಮುಂದೆ ಎಲ್ಲಾ ಮಂಜು. ಏಕತಾರಿಯ ಬಿರಡೆ ತಿರುಗಿಸಿ ಶ್ರುತಿ ಕೂಡಿಸುವವರಿಗೆ ಈ ಕೆಲಸ ಹೊಸದಲ್ಲ. ಸರಿಯಾದ ಜಾಗವನ್ನು ಸ್ವಲ್ಪ ದಾಟಿ ಹೋಗಬೇಕು, ತಪ್ಪಿತು ಅಂತ ಗೊತ್ತಾಗಬೇಕು, ಆಮೇಲೆ ಹಿಂದಕ್ಕೆ ಬರಬೇಕು. ಕೈ ನಡುಗಿದರೆ ಚಿತ್ರ ಕಲಸಿಹೋಗುತ್ತದೆ. ಅದಕ್ಕೆ ಮರಳು ತುಂಬಿದ ಚೀಲದ ಮೇಲೆ ಲೆನ್ಸು ಇಟ್ಟು, ಸೆಕೆಂಡಿನ ಮುನ್ನೂರನೇ ಒಂದು ಭಾಗಕ್ಕಿಂತ ಬೇಗ ತೆಗೆಯಬೇಕು. ನಮ್ಮ ಸೀಮೆಯ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಅದೂ ಆಗದು. ಕಾದ ನೆಲದಿಂದ ಎದ್ದ ಗಾಳಿ ನೀರಿನ ಹಾಗೆ ಅಲುಗಾಡಿ ಹಕ್ಕಿಯ ಗೆರೆಯೇ ನಿಲ್ಲುವುದಿಲ್ಲ. ಬೆಳಿಗ್ಗೆ ಎದ್ದು ಹೋಗಬೇಕು, ಕೂರಬೇಕು, ಕಾಯಬೇಕು.

ಕಾಯುವಾಗ ಏನು ಸಿಗುತ್ತದೆ ಅಂತ ಹೇಳುತ್ತೇನೆ. ಬೀಳು ಬಿಟ್ಟ ಹೊಲದಲ್ಲಿ ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ, ಸಣ್ಣ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ನಾಲ್ಕು. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಕಾಣದು. ನಾವು ಹತ್ತಿರ ಹೋದರೆ ಅದು ಎದ್ದು ಕೂಗಾಡಿ ನಮ್ಮನ್ನು ಬೇರೆ ಕಡೆ ಎಳೆಯಲು ನೋಡುತ್ತದೆ. ಅದು ಕೂಗುವಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತದೆ. ದೂರ ಕೂತು ನೋಡಿದರೆ ಬೇರೆಯದೇ ಕಥೆ. ಕಾವು ಹೆಚ್ಚಾದಾಗ ಅದು ಮೊಟ್ಟೆಗೆ ನೆರಳಾಗಿ ನಿಲ್ಲುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ವರ್ಷಗಟ್ಟಲೆ ಆ ಹಕ್ಕಿಯ ಕೂಗು ಕೇಳಿದವನು ನಾನು. ಅದರ ಸಂಸಾರ ಕಂಡದ್ದು ದೂರ ಕೂತ ಮೇಲೆ. ಹಾಗಾಗಿ ಹಕ್ಕಿಯ ವಿಷಯದಲ್ಲಿ ನನ್ನ ತೀರ್ಮಾನ ಸುಲಭ. ಆ ಅರವತ್ತು ಹೆಜ್ಜೆ ಜಾಗ ಹಕ್ಕಿಯ ಆಸ್ತಿ. ನಾವು ಅದನ್ನು ಒತ್ತುವರಿ ಮಾಡದೆ ನೋಡುವುದಕ್ಕೆ ಲೆನ್ಸು ಇರುವುದು.

ಹಿಂದೂಪುರದ ಕಡೆ ಚಿಲಮತ್ತೂರು ಮಂಡಲದ ವೀರಾಪುರಂ ಊರಿಗೆ ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನು ಕಾಯುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಭಾವಿಸುತ್ತಾರೆ. ಬಾಣಂತಿಯ ಕೋಣೆಗೆ ಯಾರಾದರೂ ಚಪ್ಪಾಳೆ ತಟ್ಟಿಕೊಂಡು ನುಗ್ಗುತ್ತಾರೆಯೇ? ಆದರೆ ಹಾರುವ ಚಿತ್ರ ಬೇಕು ಅಂತ ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಕ್ಕಿ ಎಬ್ಬಿಸುವವರು ಎಲ್ಲಾ ಕಡೆ ಇದ್ದಾರೆ. ಒಂದು ಜೊತೆ ಎತ್ತಿನ ಬೆಲೆಯ ಲೆನ್ಸು ಇದ್ದೂ ಮರದ ಬುಡಕ್ಕೇ ಹೋಗುವವನಿಗೆ ಲೆನ್ಸು ಯಾಕೆ ಬೇಕಿತ್ತು? ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿ (1938–2007) ಅವರ ಪುಸ್ತಕ ಓದಿದವರಿಗೆ ಗೊತ್ತು, ಅವರು ಹಕ್ಕಿಯ ಚಿತ್ರದ ಜೊತೆಗೆ ಅದರ ನಡತೆಯನ್ನೂ ಬರೆದರು. ಹಕ್ಕಿಯ ಜೊತೆ ಹೊತ್ತು ಕಳೆಯದವನಿಗೆ ನಡತೆ ಬರೆಯಲು ಬರುವುದಿಲ್ಲ.

ಇಲ್ಲಿಯವರೆಗೆ ದಾರಿ ನೇರ ಐತೆ. ಮನುಷ್ಯರ ವಿಷಯಕ್ಕೆ ಬಂದಾಗ ಅದೇ ದಾರಿ ಕವಲೊಡೆಯುತ್ತದೆ.

ನಾನು ಸಾವಿನ ಮನೆಗಳಲ್ಲಿ ರಾತ್ರಿಯೆಲ್ಲಾ ಭಜನೆ ಹಾಡುವವನು. ಒಂದು ಊರಲ್ಲಿ ಹೀಗೇ ಹಾಡಿ ಬೆಳಗಾದಾಗ, ಎದುರು ಮನೆಯ ಮಾಳಿಗೆ ಮೇಲೆ ನೆಂಟರ ಹುಡುಗನೊಬ್ಬ ಉದ್ದ ಲೆನ್ಸು ಹಿಡಿದು ಕೂತಿದ್ದ. ಸತ್ತವನ ಹೆಂಡತಿ, ಎಪ್ಪತ್ತು ದಾಟಿದ ಅಜ್ಜಿ, ಗೋಡೆಗೆ ಒರಗಿ ಅಳುತ್ತಿದ್ದ ಚಿತ್ರ ತೆಗೆದ. ಚಿತ್ರ ಬಹಳ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮುಖದ ಒಂದೊಂದು ಸುಕ್ಕೂ ಮಾತಾಡುತ್ತಿತ್ತು. ಫೋನಿನಿಂದ ಫೋನಿಗೆ ಹೋಗಿ ಎಲ್ಲರೂ ಹೊಗಳಿದರು. ತಿಥಿಯ ದಿನ ಅದು ಅಜ್ಜಿಯ ಕಣ್ಣಿಗೂ ಬಿತ್ತು. ಆಕೆ ಬೈಯಲಿಲ್ಲ. ಹುಡುಗನನ್ನು ಕರೆದು ಇಷ್ಟೇ ಕೇಳಿದಳು: "ಅಷ್ಟು ದೂರದಿಂದ ನನ್ ಕಣ್ಣಾಗಿನ ನೀರು ಕಂಡ್ತಲ್ಲಪ್ಪಾ ನಿಂಗೆ. ಕಂಡ ಮ್ಯಾಲೆ ಹತ್ರ ಯಾಕೆ ಬರ್ಲಿಲ್ಲ?"

ಈ ಮಾತನ್ನು ನಾನು ಬಹಳ ತಿರುವಿ ಹಾಕಿದ್ದೇನೆ. ಟಿಟ್ಟಿಭದ ಹತ್ತಿರ ಹೋದರೆ ಅದಕ್ಕೆ ನಷ್ಟ. ದೂರ ನಿಂತರೆ ಉಪಕಾರ. ದುಃಖದಲ್ಲಿರುವ ಮನುಷ್ಯರಿಗೆ ಇದು ಉಲ್ಟಾ. ಅವರಿಗೆ ಬೇಕಾದದ್ದು ಪಕ್ಕದಲ್ಲಿ ಕೂರುವವರು. ಹಕ್ಕಿಗೆ ತನ್ನ ಚಿತ್ರ ಯಾರು ನೋಡಿದರೆ ಏನು? ಮನುಷ್ಯನಿಗೆ ಮಾನ ಅಂತ ಒಂದು ಐತೆ. ಯಾವ ಮುಖ ಯಾರಿಗೆ ತೋರಿಸಬೇಕು ಅನ್ನುವುದು ಅವನ ಇಷ್ಟ. ದೂರದ ಲೆನ್ಸು ಆ ಇಷ್ಟವನ್ನು ಕೇಳುವುದೇ ಇಲ್ಲ. ಹಾಗಾದರೆ ಮನುಷ್ಯರನ್ನು ದೂರದಿಂದ ತೆಗೆಯಲೇಬಾರದೇ? ಹಾಗೂ ಅಲ್ಲ. ಹಳ್ಳದ ಮರಳು ಕದಿಯುವವನನ್ನು, ನವಿಲಿಗೆ ಉರುಲು ಹಾಕುವವನನ್ನು ಹತ್ತಿರ ಹೋಗಿ ಅಪ್ಪಣೆ ಕೇಳಿ ತೆಗೆಯುತ್ತೀರಾ? ಅವನು ಮುಚ್ಚಿಡುವುದು ಊರಿಗೆಲ್ಲಾ ಸೇರಿದ್ದು. ಅಜ್ಜಿ ಸೆರಗಿನಲ್ಲಿ ಮುಚ್ಚಿಕೊಂಡ ದುಃಖ ಆಕೆಗೊಬ್ಬಳಿಗೇ ಸೇರಿದ್ದು. ನೋಡುವ ಮುಂಚೆ ಇದು ಯಾರ ಸೊತ್ತು ಅಂತ ಕೇಳಿಕೊಂಡರೆ ಉತ್ತರ ಸಾಮಾನ್ಯವಾಗಿ ಹೊಳೆಯುತ್ತದೆ.

ಕೇಳಿಕೊಳ್ಳಲು ಹೊತ್ತು ಬೇಕು. ಕೈಯಿಂದ ತಿರುಗಿಸುವ ಹಳೆಯ ಲೆನ್ಸಿನ ದೊಡ್ಡ ಗುಣ ಇದೇ ಅಂತ ನನಗೆ ಕಾಣುತ್ತದೆ. ಮಂಜಿನಿಂದ ಒಂದು ಮುಖ ನಿಧಾನಕ್ಕೆ ತೇಲಿ ಬರುವ ಆ ನಾಲ್ಕೈದು ಕ್ಷಣದಲ್ಲಿ ನಿಲ್ಲಿಸುವುದಕ್ಕೆ ಅವಕಾಶ ಉಂಟು. ಆಮೇಲೆ "ಕ್ಯಾಮೆರಾ ತೆಗೀತು" ಅನ್ನುವ ಹಾಗಿಲ್ಲ, ಬಳೆ ತಿರುಗಿಸಿದ ಕೈ ನನ್ನದೇ. ಹಾಗಂತ ಹಳೆಯ ಲೆನ್ಸು ಇಟ್ಟುಕೊಂಡವರೆಲ್ಲಾ ಧರ್ಮರಾಯರಲ್ಲ. ಆ ಮಾಳಿಗೆಯ ಹುಡುಗನ ಕೈಯಲ್ಲಿ ಇದ್ದದ್ದೂ ನನ್ನಂಥದೇ ಹಳೆಯ ಲೆನ್ಸು. ಹೊಸ ದುಬಾರಿ ಲೆನ್ಸು ಹಿಡಿದು ದಿನವೆಲ್ಲಾ ಕದಲದೆ ಕೂರುವ ಒಳ್ಳೆಯವರೂ ಇದ್ದಾರೆ. ಅಗ್ಗದ ಸಾಮಾನು ನಮಗೆ ಹೊತ್ತು ಕೊಡುತ್ತದೆ, ಬುದ್ಧಿ ನಾವೇ ತರಬೇಕು.

ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಮನವಿ. ಇಂಥದೊಂದು ಹಳೆಯ ಲೆನ್ಸು, ಕ್ಯಾಮೆರಾ ಎಲ್ಲಿಯಾದರೂ ಸಿಕ್ಕರೆ ಮಕ್ಕಳ ಕೈಗೆ ಕೊಡಿ. ಕೆರೆ ಏರಿಯ ಮೇಲೆ ಕೂರಿಸಿ. ಮೊದಲ ದಿನ ಚಿತ್ರ ತೆಗೆಯುವುದು ಬೇಡ, ಬರೀ ಬಳೆ ತಿರುಗಿಸಿ ನೋಡಲಿ. ಹಕ್ಕಿ ತಲೆ ಎತ್ತಿ ಅವರ ಕಡೆ ನೋಡಿದರೆ ಹೆಚ್ಚು ಹತ್ತಿರ ಬಂದೆವು ಅಂತ ತಿಳಿದು ಹಿಂದಕ್ಕೆ ಸರಿಯಲಿ. ಕೆರೆಯಲ್ಲಿ ಬಟ್ಟೆ ಒಗೆಯುವ ತಾಯಂದಿರ ಕಡೆ ಲೆನ್ಸು ತಿರುಗಿತೋ, ಅದನ್ನು ಚೀಲದಲ್ಲಿಟ್ಟು ಎದ್ದುಹೋಗಿ ಮಾತಾಡಿಸಿ ಬರಲಿ. ಅವರು ತೆಗಿ ಅಂದರೆ ತೆಗೆಯಲಿ, ಬೇಡ ಅಂದರೆ ಬೇಡ. ಕೇಳಿ ತೆಗೆದ ಚಿತ್ರದಲ್ಲಿ ಅವರು ನಗುತ್ತಾ ನಮ್ಮ ಕಡೆಯೇ ನೋಡುತ್ತಿರುತ್ತಾರೆ, ಸಹಜವಾಗಿರುವುದಿಲ್ಲ ಅಂತ ನನ್ನ ತಂಗಿಯ ಮಗ ವಾದ ಮಾಡುತ್ತಾನೆ. ಇರಲಿ ಬಿಡಪ್ಪಾ, ಇಬ್ಬರೂ ಒಬ್ಬರನ್ನೊಬ್ಬರು ನೋಡಿದ ಗುರುತು ಅದರಲ್ಲಿ ಇರುತ್ತಲ್ಲ ಅಂತ ನಾನು ಅಂದೆ.