ದೇಶ ಸುತ್ತು, ಕೋಶ ಓದು

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯಲ್ಲಿ ಕೋಶವೆಂದರೆ ಭಂಡಾರ. ಪದಗಳ ಭಂಡಾರವಾದ ನಿಘಂಟು, ಅದರಿಂದ ಮುಂದೆ ಗ್ರಂಥವೆಲ್ಲವೂ. ಕೋಶವನ್ನು ಕೂತಲ್ಲೇ ಓದಬಹುದು. ದೇಶದ ವಿಷಯಕ್ಕೆ ಬಂದಾಗ ಗಾದೆ ‘ನೋಡು’ ಎನ್ನುವುದಿಲ್ಲ, ‘ಸುತ್ತು’ ಎನ್ನುತ್ತದೆ. ನೋಡುವುದಕ್ಕೆ ಕಣ್ಣು ಸಾಕು. ಸುತ್ತುವವನ ಕಾಲು ಸವೆಯುತ್ತದೆ, ದಾರಿಯಲ್ಲಿ ಸಿಕ್ಕವರ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಪರನಾಡಿನ ಹೆಣ್ಣೊಬ್ಬಳ ಹಿರಿಮೆ ತಿಳಿಯುವಲ್ಲಿ ನೋಡುವುದಕ್ಕೂ ಸುತ್ತುವುದಕ್ಕೂ ಅಂತರ ಎಷ್ಟೆಂಬುದನ್ನು 1623ರ ಡಿಸೆಂಬರಿನಲ್ಲಿ ತುಳುನಾಡಿನಲ್ಲಿ ನಡೆದ ಒಂದು ಭೇಟಿ ತೋರಿಸುತ್ತದೆ.

ಸುತ್ತಲು ಹೊರಟವನು ರೋಮಿನ ಸಿರಿವಂತ ಮನೆತನದ ಪಿಯೆತ್ರೊ ದೆಲ್ಲಾ ವಾಲ್ಲೆ. 1614ರಲ್ಲಿ ವೆನಿಸ್ ಬಿಟ್ಟ ಈತ ತುರ್ಕಿ, ಈಜಿಪ್ಟ್, ಪರ್ಷಿಯಾ ದಾಟಿ ಸೂರತ್ತಿಗೆ ಬಂದಿಳಿದ. ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋಗಿ, ಅಲ್ಲಿಂದ ಕರಾವಳಿಗಿಳಿದು ಮಂಗಳೂರು ಸೇರಿದ. ಉಳ್ಳಾಲದ ಚೌಟ ರಾಣಿ ಅಬ್ಬಕ್ಕನ ಸುದ್ದಿ ಆಗಲೇ ಅವನ ಕಿವಿಗೆ ಬಿದ್ದಿತ್ತು. ಗಂಡನಾದ ಬಂಗರಾಜನನ್ನು ತೊರೆದು, ಅವನ ಒಡವೆಗಳನ್ನು ಹಿಂದಕ್ಕೆ ಕಳಿಸಿದವಳು. ಅವನು ಪೋರ್ಚುಗೀಸರ ಬಲ ಪಡೆದಾಗ ವೆಂಕಟಪ್ಪ ನಾಯಕನ ಸೈನ್ಯ ಕರೆಸಿ ಇಬ್ಬರನ್ನೂ ಸೋಲಿಸಿದವಳು. ಜನರ ಬಾಯಲ್ಲಿ ಇಂದು ಅಬ್ಬಕ್ಕ ಒಬ್ಬಳೇ. ಆದರೆ ವಾಲ್ಲೆ ಕಂಡಾಕೆಗೆ ಸುಮಾರು ನಲವತ್ತರ ಪ್ರಾಯ. 1560ರ ದಶಕದಲ್ಲಿ ಪೋರ್ಚುಗೀಸರೊಡನೆ ಕಾದಿದವಳು ಈಕೆಯೇ ಆಗಿರುವುದು ಸಾಧ್ಯವಿಲ್ಲ. ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು.

ಭೇಟಿಯಾದದ್ದು ಅರಮನೆಯಲ್ಲಲ್ಲ. ರಾಣಿ ಕಾಲುವೆ ತೋಡಿಸುವ ಕೆಲಸ ನೋಡಿಕೊಳ್ಳಲು ಹೊಲದ ಕಡೆ ಹೋಗಿದ್ದಳು. ಬರಿಗಾಲು, ಸೊಂಟಕ್ಕೆ ದಪ್ಪನೆಯ ಬಿಳಿ ಹತ್ತಿ ಬಟ್ಟೆ, ತಲೆಗೆ ಸುತ್ತಿ ಹೆಗಲ ಮೇಲೆ ಇಳಿಬಿಟ್ಟ ಇನ್ನೊಂದು ತುಂಡು. ಮೈಬಣ್ಣ ಕಪ್ಪು, ಮೈಕಟ್ಟು ದೊಡ್ಡದು, ನಡಿಗೆ ಮಾತ್ರ ಚುರುಕು. ಯುರೋಪಿನಲ್ಲಿ ರಾಣಿ ಹೇಗಿರಬೇಕೆಂದು ಕಲಿತುಬಂದವನಿಗೆ ಅಡುಗೆಮನೆಯ ಆಳನ್ನೋ ಅಗಸಗಿತ್ತಿಯನ್ನೋ ಕಂಡಂತಾಯಿತು. ಸ್ಪೇನಿನ ದೊರೆಯ ಪಡೆಯನ್ನು ಸೋಲಿಸಿದವಳು ಇವಳೇ ಎಂದು ಬೆರಗಾದ. ಪೋರ್ಚುಗಲ್ ಆಗ ಸ್ಪೇನಿನ ದೊರೆಯ ಕೈಯಲ್ಲಿತ್ತು. ಇಷ್ಟಕ್ಕೇ ಮುಂದೆ ಹೋಗಿಬಿಟ್ಟಿದ್ದರೆ ಅದು ಬರಿಯ ನೋಡುವಿಕೆ.

ಆದರೆ ರಾಣಿ ಮಾತಿಗೆ ನಿಂತಳು. ಯಾರು, ಎಲ್ಲಿಯವರು, ಯಾವ ಯಾವ ನಾಡು ಹಾದು ಬಂದದ್ದು, ಈ ಕಾಡಿನಲ್ಲಿ ಏನು ಕೆಲಸ ಎಂದು ವಿಚಾರಿಸಿದಳು. ಊರು ಬಿಟ್ಟದ್ದು ಮನಸ್ಸಿನ ಬೇಗೆಯಿಂದಲೋ ಎಂದೂ ಕೇಳಿದಳು. ಬೇರೆ ನಾಡುಗಳನ್ನೂ ನಡವಳಿಕೆಗಳನ್ನೂ ಕಂಡು ಕಲಿಯುವ ಆಸೆಯಿಂದ ಎಂದು ವಾಲ್ಲೆ ಉತ್ತರಿಸಿದ. ಗಾದೆಯನ್ನು ಕೇಳಿರದವನ ಬಾಯಲ್ಲಿ ಗಾದೆಯ ಮೊದಲರ್ಧ. ಬಾಗ್ದಾದಿನಲ್ಲಿ ಕೈಹಿಡಿದ ಮಡದಿ ಮಾನಿ 1621ರಲ್ಲಿ ತೀರಿಕೊಂಡಿದ್ದಳು, ಆ ದುಃಖ ಇದೆಯೆಂಬುದನ್ನೂ ಮುಚ್ಚಿಡಲಿಲ್ಲ. ಪ್ರಶ್ನೆ ಆ ಗಾಯದ ಹತ್ತಿರಕ್ಕೇ ಬಂದಿತ್ತು. ರಾಣಿಯ ಘನತೆ ರೂಪಕ್ಕಿಂತ ಮಾತಿನಲ್ಲಿ ಹೆಚ್ಚಾಗಿ ಕಾಣಿಸಿತು, ಆಡಿದ್ದೆಲ್ಲ ವಿವೇಕಿಯ ಮಾತು ಎಂದು ಅವನು ದಾಖಲಿಸಿದ. ಮೊದಲ ನೋಟದ ತಾತ್ಸಾರವನ್ನು ಅಳಿಸದೆ ಅದರ ಪಕ್ಕದಲ್ಲೇ ಈ ತಿದ್ದುಪಡಿಯನ್ನು ಬರೆದಿಟ್ಟದ್ದರಿಂದಲೇ ಅವನ ಮೆಚ್ಚುಗೆಗೆ ತೂಕ.

ಎಲ್ಲ ಮೆಚ್ಚುಗೆಯೂ ಒಂದೇ ಬಗೆಯದಲ್ಲ. ರಾಣಿಯ ಭೇಟಿಗೆ ಕೆಲವೇ ವಾರ ಮುಂಚೆ ಇಕ್ಕೇರಿಯಲ್ಲಿ ಇವನೇ ಸಹಗಮನಕ್ಕೆ ಸಿದ್ಧಳಾಗಿದ್ದ ವಿಧವೆಯೊಬ್ಬಳನ್ನು ಕಂಡಿದ್ದ. ತೆಲುಗಿನವಳು, ಗಂಡ ನಗಾರಿ ಬಾರಿಸುತ್ತಿದ್ದವನು. ಬೇಡವೆಂದು ಹೇಳಿನೋಡಿದ, ಆಕೆ ಒಪ್ಪಲಿಲ್ಲ. ಕೊನೆಗೆ ಆಕೆಯ ಹೆಸರು ಉಳಿಯುವಂತೆ ಕವಿತೆ ಬರೆದ. ಅಲ್ಲಿ ಧೈರ್ಯ ಕಂಡಿತು ನಿಜ, ಆದರೆ ಹೊಗಳಿಕೆಯಿಂದ ಆಕೆಗೆ ದಕ್ಕಿದ್ದು ಏನೂ ಇಲ್ಲ. ಉಳ್ಳಾಲದವಳ ಬಲಕ್ಕೆ ಕವಿತೆ ಬೇಕಿರಲಿಲ್ಲ. ಆಕೆಯದು ಅಳಿಯಸಂತಾನದ ನಾಡು, ವಂಶ ಹೆಣ್ಣಿನ ಕಡೆಯಿಂದ ಬೆಳೆಯುವಂಥದ್ದು. ಗಂಡನನ್ನು ಬಿಟ್ಟರೆ ಗದ್ದುಗೆ ಬಿಡಬೇಕಾಗಿರಲಿಲ್ಲ.

ವಾಲ್ಲೆ ಇದೆಲ್ಲವನ್ನೂ ನೇಪಲ್ಸಿನ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊಗೆ ಕಾಗದ ಬರೆದು ತಿಳಿಸಿದ. ವಾಲ್ಲೆ ತೀರಿಕೊಂಡದ್ದು 1652ರಲ್ಲಿ. ಭಾರತದ ಕಾಗದಗಳು ಪುಸ್ತಕವಾದದ್ದು 1663ರಲ್ಲಿ. ರಾಣಿಯೊಡನೆ ನಡೆದ ಆ ಮಾತುಕತೆ ಈಗ ಕೋಶದಲ್ಲಿದೆ.