ಯಾವೂರು ಅಂತ ಕೇಳೋದು ತಪ್ಪಾ?

ಹೊಸಬರನ್ನ ಅರ್ಥ ಮಾಡಿಕೊಳ್ಳೋಕೆ ಎರಡು ಪ್ರಶ್ನೆ ಇವೆ. ಒಂದು, "ನೀನು ಯಾರು?" ಇನ್ನೊಂದು, "ನಿನಗೆ ಏನು ಬರುತ್ತೆ?" ನಮ್ಮ ಕಮಠಾಣದ ಕಡೆ ಮೊದಲನೆಯದೇ ಜಾಸ್ತಿ: "ಯಾವೂರು ತಮ್ಮಾ? ಯಾರ ಪೈಕಿ?" ಬೆಂಗಳೂರಿನ ಆಫೀಸುಗಳಲ್ಲಿ ಎರಡನೆಯದಕ್ಕೇ ಮರ್ಯಾದೆ. ಊರು, ಮನೆತನ ಕೇಳೋದು ಹಳೇ ಕಾಲದ್ದು, ಕೆಲಸ ನೋಡೋದೇ ನ್ಯಾಯ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಅಷ್ಟು ಸರಳ ಅಲ್ಲ ಅನ್ನೋದಕ್ಕೆ ನನ್ನ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡ್ತೀನಿ.

ಕೋರೂಟೀನ್ ಅಂದ್ರೆ ನಡುವೆ ನಿಂತು, ಇನ್ನೊಬ್ಬರಿಗೆ ಜಾಗ ಬಿಟ್ಟು, ಆಮೇಲೆ ನಿಂತ ಕಡೆಯಿಂದಲೇ ಮುಂದುವರಿಯೋ ಫಂಕ್ಷನ್. ಈ ಹೆಸರು ಕೊಟ್ಟವರು ಮೆಲ್ವಿನ್ ಕಾನ್ವೇ, 1958ರಲ್ಲಿ. ನಿಲ್ಲುವಾಗ ಪ್ರೊಸೆಸರಿನ ರಿಜಿಸ್ಟರುಗಳನ್ನೂ ಸ್ಟ್ಯಾಕ್ ಎಲ್ಲಿತ್ತು ಅನ್ನೋದನ್ನೂ ಎತ್ತಿಡಬೇಕು, ಬರುವವನದನ್ನು ತುಂಬಬೇಕು. ಸಿ ಭಾಷೆಯ ಲೈಬ್ರರಿಗಳಲ್ಲಿ ಇದು ಕೆಲವೇ ಸಾಲಿನ ಅಸೆಂಬ್ಲಿ. ಆದರೆ ಏನೇನು ಎತ್ತಿಡಬೇಕು ಅನ್ನೋದು ಒಂದೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದೊಂದು ಥರ. ಹಾಗಾಗಿ ಬಿಲ್ಡ್ ಶುರುವಾಗೋ ಮೊದಲು "ನಾನೀಗ ಯಾವ ನೆಲದ ಮೇಲಿದ್ದೀನಿ?" ಅಂತ ಲೈಬ್ರರಿ ತಿಳಿದುಕೊಳ್ಳಬೇಕು.

ತಿಳಿಯೋಕೆ ಇಲ್ಲೂ ಅವೇ ಎರಡು ದಾರಿ. ವಿಂಡೋಸಾ, ಲಿನಕ್ಸಾ, ಮ್ಯಾಕಾ ಅಂತ ಹೆಸರು ಕೇಳಬಹುದು. ಇಲ್ಲಾ 1991ರಲ್ಲಿ ಡೇವಿಡ್ ಮೆಕೆಂಜಿ ಶುರು ಮಾಡಿದ ಆಟೋಕಾನ್ಫ್‌ನ ಹಾಗೆ, ಹೆಸರಿನ ಗೊಡವೆಗೆ ಹೋಗದೆ ಒಂದು ಪುಟ್ಟ ಪ್ರೋಗ್ರಾಂ ಬರೆದು, ಅದು ಕಂಪೈಲ್ ಆಗಿ ಲಿಂಕ್ ಆಗುತ್ತಾ ಅಂತ ಪರೀಕ್ಷಿಸಬಹುದು.

ಪರೀಕ್ಷೆಯ ದಾರಿ ಯಾಕೆ ಒಳ್ಳೇದು ಅನ್ನೋದು ಬೇಗ ಗೊತ್ತಾಗುತ್ತೆ. "ಲಿನಕ್ಸ್ ಆದರೆ ಸ್ವಾಪ್‌ಕಾಂಟೆಕ್ಸ್ಟ್ ಫಂಕ್ಷನ್ ಇದ್ದೇ ಇರುತ್ತೆ" ಅಂತ ಬರೆದಿಟ್ಟರೆ, ಆಲ್ಪೈನ್ ಲಿನಕ್ಸ್‌ನಲ್ಲಿ ಬಿಲ್ಡ್ ಮುರಿದು ಬೀಳುತ್ತೆ. ಅಲ್ಲಿರೋದು ಮಸಲ್ ಅನ್ನೋ ಬೇರೆ ಸಿ ಲೈಬ್ರರಿ. ಅದರ ಹೆಡರ್ ಫೈಲಲ್ಲಿ ಆ ಫಂಕ್ಷನ್ನಿನ ಹೆಸರಿದೆ, ಒಳಗೆ ಫಂಕ್ಷನ್ ಇಲ್ಲ. ಹೆಸರು ಒಂದೇ, ಒಳಗಿನ ಬದುಕು ಬೇರೆ. ಕನ್ನಡಿಗ ಅಂದ ತಕ್ಷಣ ಮನೆಯಲ್ಲಿ, ಬೀದಿಯಲ್ಲಿ ಕನ್ನಡವೊಂದೇ ಅಂದುಕೊಂಡ ಹಾಗೆ. ಬೀದರ್, ಭಾಲ್ಕಿ, ಔರಾದ್ ಸಂತೆಗಳಲ್ಲಿ ಒಂದು ಸುತ್ತು ಹಾಕಿ: ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಚೌಕಾಸಿಯಲ್ಲಿ ಬಂದು ಹೋಗುತ್ತವೆ.

ಆದರೆ ಪರೀಕ್ಷೆಗೂ ಒಂದು ಮಿತಿ ಇದೆ. 64 ಬಿಟ್ ಇಂಟೆಲ್ ಪ್ರೊಸೆಸರಿನ ವಿಂಡೋಸ್‌ನಲ್ಲಿ ಎಕ್ಸ್‌ಎಂಎಂ6ರಿಂದ ಎಕ್ಸ್‌ಎಂಎಂ15ರವರೆಗಿನ ಹತ್ತು ರಿಜಿಸ್ಟರುಗಳನ್ನು ಹಾಗೇ ಕಾಪಾಡಿ ವಾಪಸ್ ಕೊಡಬೇಕು ಅಂತ ನಿಯಮ. ಲಿನಕ್ಸ್‌ನಲ್ಲಿ ಆ ನಿಯಮ ಇಲ್ಲ. ಅದನ್ನ ಬಿಟ್ಟರೂ ಕೋಡ್ ಕಂಪೈಲ್ ಆಗುತ್ತೆ, ಲಿಂಕೂ ಆಗುತ್ತೆ. ಯಾವತ್ತೋ ಒಂದು ದಿನ ಯಾರದೋ ಲೆಕ್ಕದಲ್ಲಿ ಒಂದು ದಶಮಾಂಶ ಸಂಖ್ಯೆ ಸದ್ದಿಲ್ಲದೆ ಬದಲಾಗುತ್ತೆ. ಲ್ಯಾಪ್‌ಟಾಪಿನಲ್ಲಿ ಕೂತು ಫೋನಿಗಾಗಿ ಬಿಲ್ಡ್ ಮಾಡುವಾಗಂತೂ ಪರೀಕ್ಷೆಯ ಪ್ರೋಗ್ರಾಂ ಇಲ್ಲಿ ಓಡೋದೇ ಇಲ್ಲ. ಇಂಥ ಕಡೆ ಹೆಸರು ಕೇಳಲೇಬೇಕು. ಹೊಲದ ವಿಷಯದಲ್ಲೂ ಅಷ್ಟೇ. ಎರಿ ನೆಲ ಅಂದ ತಕ್ಷಣ ಅದು ತೇವ ಹಿಡಿದಿಡುತ್ತೆ ಅಂತ ರೈತನಿಗೆ ಗೊತ್ತು. ಆ ಹೆಸರಲ್ಲಿ ತಲೆಮಾರುಗಳ ಅನುಭವ ಇದೆ.

ಹಾಗಾದರೆ ಹೆಸರು ಕೇಳೋದು ಯಾವಾಗ ನ್ಯಾಯ, ಯಾವಾಗ ಅನ್ಯಾಯ? ಬಿಲ್ಡ್ ಫೈಲಿನಲ್ಲಿ "ವಿಂಡೋಸ್ ಆಗಿದ್ದರೆ" ಅನ್ನೋ ಒಂದೇ ಷರತ್ತಿನ ಕೆಳಗೆ ಎರಡು ಥರದ ಸಾಲು ಬರೆಯಬಹುದು. "ಇನ್ನೂ ಹತ್ತು ರಿಜಿಸ್ಟರ್ ಎತ್ತಿಡು" ಅಂತ ಬರೆಯಬಹುದು. "ಇಲ್ಲಿ ನಡೆಯಲ್ಲ, ನಿಲ್ಲಿಸು" ಅಂತಲೂ ಬರೆಯಬಹುದು. ಪ್ರಶ್ನೆ ಎರಡರಲ್ಲೂ ಒಂದೇ. ಮೊದಲನೆಯದರಲ್ಲಿ ಕೇಳಿದವನ ಕೆಲಸ ಜಾಸ್ತಿಯಾಗುತ್ತೆ. ಎರಡನೆಯದರಲ್ಲಿ ಕೇಳಿದವನ ಕೆಲಸ ಮುಗಿದುಹೋಗುತ್ತೆ.

ಮನುಷ್ಯರ ಮಧ್ಯೆಯೂ ನನಗೆ ಕಾಣೋ ವ್ಯತ್ಯಾಸ ಇದೇ. ಒಂದು ಕಂಪನಿಯ ಇಂಟರ್‌ವ್ಯೂನಲ್ಲಿ ನನ್ನ ಊರು ಕೇಳಿದವರು "ಬೀದರ್ ಮಹಾರಾಷ್ಟ್ರದಲ್ಲಲ್ವಾ?" ಅಂದು ನಕ್ಕರು. ಅಲ್ಲಿಂದ ಮುಂದೆ ಕೇಳಿದ್ದೆಲ್ಲ ಬರೀ ಶಾಸ್ತ್ರಕ್ಕೆ. ಅದು ಎರಡನೇ ಥರದ ಸಾಲು. ಇನ್ನು 371(ಜೆ). ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ್ ಜಿಲ್ಲೆಯನ್ನು 1956ರ ನವೆಂಬರ್ 1ರಂದು ಮೂರು ರಾಜ್ಯಗಳಿಗೆ ಹಂಚಿದರು. ನಮ್ಮ ಪಾಲು ಮೈಸೂರಿಗೆ ಬಂತು. ಈ ಭಾಗ ಎಷ್ಟು ಹಿಂದುಳಿದಿದೆ ಅನ್ನೋದನ್ನ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲೂಕುವಾರು ಲೆಕ್ಕ ಹಾಕಿ ತೋರಿಸಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ), 2013ರಿಂದ ಇಲ್ಲಿನವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಗೆ ದಾರಿ ಮಾಡಿತು. ಅದೂ "ಯಾವೂರು?" ಅಂತಲೇ ಕೇಳುತ್ತೆ. ಆದರೆ ಕೇಳಿದ ಮೇಲೆ ಸರ್ಕಾರದ ಹೊಣೆ ಹೆಚ್ಚುತ್ತೆ.

"ಎಲ್ಲರಿಗೂ ಒಂದೇ ಪರೀಕ್ಷೆ ಇಡಿ, ಮುಗೀತು" ಅನ್ನೋ ಗೆಳೆಯರು ನನಗೂ ಇದ್ದಾರೆ. ಅವರಿಗೆ ನನ್ನ ಉತ್ತರ: ಪರೀಕ್ಷೆಯ ಪ್ರೋಗ್ರಾಂ ಓಡ್ತಿರೋದು ಯಾರ ಮಷೀನಿನಲ್ಲಿ ಅಂತ ಒಮ್ಮೆ ನೋಡಿ. ಪರೀಕ್ಷೆ ಇಟ್ಟವನ ಮೇಜಿನ ಮೇಲೆ ಚೆನ್ನಾಗಿ ಓಡಿದ ಮಾತ್ರಕ್ಕೆ ಅದು ಎಲ್ಲ ನೆಲಕ್ಕೂ ಸಮ ಆಗಲ್ಲ.

ಅವರ ಇನ್ನೊಂದು ಮಾತನ್ನ ಮಾತ್ರ ತಳ್ಳಿಹಾಕೋಕೆ ಆಗಲ್ಲ. ವಿಂಡೋಸ್‌ಗಾಗಿ ಹತ್ತು ರಿಜಿಸ್ಟರ್ ಎತ್ತಿಟ್ಟರೆ ಪ್ರತಿ ಸಲ 160 ಬೈಟ್ ಖರ್ಚು. ಅದನ್ನ ವಿಂಡೋಸ್ ಬಿಲ್ಡೇ ಹೊರುತ್ತೆ, ಲಿನಕ್ಸ್‌ನವರಿಗೆ ನಷ್ಟ ಇಲ್ಲ. ಸೀಟು, ನೌಕರಿ ಹಾಗಲ್ಲ. ಒಬ್ಬರಿಗೆ ಹೋದದ್ದು ಇನ್ನೊಬ್ಬರಿಗಿಲ್ಲ. ಅದಕ್ಕೇ ಹೆಸರು ಕೇಳೋ ಷರತ್ತು ಬರೆದವನು ಪಕ್ಕದಲ್ಲಿ ಕಾರಣವನ್ನೂ ಬರೆದಿಡಬೇಕು, ಆಗಾಗ ತೆರೆದು ನೋಡಲೂಬೇಕು. ಸ್ವಾಪ್‌ಕಾಂಟೆಕ್ಸ್ಟ್‌ನ ಗುಂಪನ್ನೇ ಪಾಸಿಕ್ಸ್ 2008ರಲ್ಲಿ ಕೈಬಿಟ್ಟಿತು. ಹಳೇ ಷರತ್ತುಗಳು ಹೀಗೇ ಸುಳ್ಳಾಗುತ್ತಾ ಹೋಗುತ್ತವೆ. ಆದರೆ ತೆಗೆಯೋ ಮೊದಲು ಕೇಳಬೇಕಾದ್ದು "ನೆಲ ಬದಲಾಯ್ತಾ?" ಅಂತ. "ನಮಗೆ ಸಾಕಾಯ್ತು" ಅನ್ನೋದು ಕಾರಣ ಅಲ್ಲ.

ನಾಳೆ ನೀವೂ ಮೇಜಿನ ಆ ಕಡೆ ಕೂತು ಯಾರನ್ನೋ "ಯಾವೂರು?" ಅಂತ ಕೇಳ್ತೀರಿ. ಧಾರಾಳವಾಗಿ ಕೇಳಿ. ಉತ್ತರ ಬಂದ ಮೇಲೆ ನಿಮ್ಮ ಕೆಲಸ ಹೆಚ್ಚಾಯ್ತಾ, ಕಡಿಮೆ ಆಯ್ತಾ ಅನ್ನೋದನ್ನ ಮಾತ್ರ ಗಮನಿಸಿ.