ಕನ್ನಡಕದ ಒಳಗೆ ಯಾರಿದ್ದಾರೆ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ನಾಲ್ಕೂ ಕಡೆಯಿಂದ ಬಂದವರು ಇಲ್ಲಿ ಕೂತಿದ್ದೀರಿ. ಮೊಬೈಲ್‌ನಲ್ಲಿ ನೋಡ್ತಾ ಇರೋರೂ ಇದ್ದೀರಿ. ದೇವರಿಗೆ ಸ್ತೋತ್ರ.

ಯೌವನಸ್ಥರ ಕೂಟದಲ್ಲಿ ಒಂದು ಪ್ರಶ್ನೆ ಬಂದಿತ್ತು. ಕಣ್ಣಿಗೆ ವಿಆರ್ ಕನ್ನಡಕ ಹಾಕಿಕೊಂಡು ಇನ್ನೊಂದು ಲೋಕಕ್ಕೆ ಹೋಗಿ ಅಲ್ಲಿ ಸ್ನೇಹ ಮಾಡೋದು, ಫೋನಿನಲ್ಲಿರೋ ಎಐ ಜೊತೆ ಮಧ್ಯರಾತ್ರಿವರೆಗೂ ಮನಸ್ಸು ಬಿಚ್ಚಿ ಮಾತಾಡೋದು, ಇದು ನಿಜವಾದ ಸಂಬಂಧವೋ, ಸುಳ್ಳೋ? "ಅಲ್ಲಿ ಮಾತಾಡಿದ್ರೆ ಮನಸ್ಸು ಹಗುರ ಆಗ್ತದೆ ಪಾಸ್ಟರ್, ಅದು ತಪ್ಪಾ?" ಅಂತ. ಒಳ್ಳೆ ಪ್ರಶ್ನೆ. "ಅದೆಲ್ಲಾ ಸೈತಾನನ ಕೆಲಸ, ಬಿಟ್ಟುಬಿಡು" ಅಂತ ಒಂದೇ ಮಾತಿನಲ್ಲಿ ಮುಗಿಸೋದು ಸುಲಭ. ಆದ್ರೆ ಹಾಗೆ ಮುಗಿಸಿದ್ರೆ ಮಕ್ಕಳು ನಮ್ಮನ್ನ ಕೇಳೋದು ಬಿಡ್ತಾರೆ, ಕನ್ನಡಕ ಬಿಡೋದಿಲ್ಲ. ಅದಕ್ಕೆ ಇವತ್ತು ಸ್ವಲ್ಪ ತಾಳ್ಮೆಯಿಂದ ಯೋಚನೆ ಮಾಡೋಣ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಮನುಷ್ಯನ ಹೃದಯ ಅಂಟಿಕೊಳ್ಳೋದಕ್ಕೆ ಬಹಳ ಹೊತ್ತು ಬೇಕಾಗೋದಿಲ್ಲ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರೊಫೆಸರ್ ಒಂದು ಸಣ್ಣ ಕಂಪ್ಯೂಟರ್ ಪ್ರೋಗ್ರಾಂ ಪ್ರಕಟಿಸಿದರು. ಹೆಸರು ಎಲೈಜಾ. ಅದಕ್ಕೆ ಬುದ್ಧಿ ಇರಲಿಲ್ಲ. ನೀವು ಏನು ಟೈಪ್ ಮಾಡ್ತೀರೋ ಅದನ್ನೇ ತಿರುಗಿಸಿ ಪ್ರಶ್ನೆ ಮಾಡಿ ಕೇಳ್ತಿತ್ತು, ಅಷ್ಟೇ. ಆದ್ರೆ ಅವರ ಸೆಕ್ರೆಟರಿ ಅದರ ಜೊತೆ ಸ್ವಲ್ಪ ಮಾತಾಡಿದ ಮೇಲೆ ಏನು ಮಾಡಿದರು ಗೊತ್ತಾ? ಪ್ರೊಫೆಸರನ್ನೇ ಕೋಣೆಯಿಂದ ಹೊರಗೆ ಹೋಗಿ ಅಂದರು. ಖಾಸಗಿ ಮಾತು ಇದೆ ಅಂತ! ಅದನ್ನ ತಯಾರು ಮಾಡಿದ್ದು ಯಾರು, ಅದು ಬರೀ ಯಂತ್ರ ಅನ್ನೋದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಹೃದಯ ಅಂಟಿಕೊಂಡಿತು.

ವಿಆರ್ ಕನ್ನಡಕ ಇನ್ನೂ ಬಲವಾಗಿ ಕೆಲಸ ಮಾಡ್ತದೆ. ಎರಡು ಕಣ್ಣಿಗೆ ಸ್ವಲ್ಪ ಸ್ವಲ್ಪ ಬೇರೆಯಾದ ಎರಡು ಚಿತ್ರ ತೋರಿಸ್ತದೆ, ಹಾಗಾಗಿ ದೂರ ಹತ್ತಿರ ಎಲ್ಲಾ ತಿಳಿಯುತ್ತದೆ. ನೀವು ತಲೆ ತಿರುಗಿಸಿದ ಹಾಗೆ ಆ ಲೋಕವೂ ತಿರುಗುತ್ತದೆ. ಬುದ್ಧಿ "ಇದು ಚಿತ್ರ" ಅಂತ ಹೇಳಿದ್ರೂ ಶರೀರ ಕೇಳೋದಿಲ್ಲ. ಎತ್ತರದಿಂದ ಕೆಳಗೆ ನೋಡಿದ್ರೆ ಕಾಲು ನಡುಗುತ್ತದೆ. ಯಾರಾದರೂ ಹತ್ತಿರ ಬಂದ್ರೆ ನಾವು ಹಿಂದೆ ಸರೀತೀವಿ. ಇದನ್ನ ದಡ್ಡತನ ಅನ್ನಬೇಡಿ. ಮುಖ ನೋಡಿದ್ರೆ ಕರಗೋ ಹೃದಯವನ್ನು, ಸ್ವರ ಕೇಳಿದ್ರೆ ಓಗೊಡೋ ಹೃದಯವನ್ನು ದೇವರೇ ನಮಗೆ ಕೊಟ್ಟಿದ್ದಾರೆ. ಆ ಹೃದಯ ಇಲ್ಲದಿದ್ರೆ ತಾಯಿ ಮಗುವನ್ನ ಎತ್ತಿಕೊಳ್ಳೋದೇ ಇಲ್ಲ.

ಈಗ ನಮ್ಮ ಹತ್ತಿರದ ಒಂದು ಸಂಗತಿ. 2022ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಆಚೆ ಗಡಿಯಲ್ಲಿರೋ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಒಂದು ಮದುವೆ ಆಯ್ತು. ಮದುವೆ ಹಳ್ಳಿಯಲ್ಲೇ, ಆದ್ರೆ ಆರತಕ್ಷತೆ ಮೆಟಾವರ್ಸ್‌ನಲ್ಲಿ! ಮದುಮಕ್ಕಳೂ ಅತಿಥಿಗಳೂ ಅವತಾರ್‌ಗಳಾಗಿ ಬಂದರು. ಆ ಮದುಮಗಳ ತಂದೆ ಅದಕ್ಕೂ ಮುಂಚೆ ತೀರಿಹೋಗಿದ್ದರು. ಅವರದ್ದೂ ಒಂದು ಅವತಾರ್ ಮಾಡಿ ಅಲ್ಲಿ ನಿಲ್ಲಿಸಿದ್ದರು. ದೇಶದ ಪತ್ರಿಕೆಗಳೆಲ್ಲಾ ಬರೆದವು. ಅದಕ್ಕೂ ಎರಡು ವರ್ಷ ಮುಂಚೆ, 2020ರ ಫೆಬ್ರುವರಿಯಲ್ಲಿ, ದಕ್ಷಿಣ ಕೊರಿಯಾದ ಎಂಬಿಸಿ ಟಿವಿ ಒಂದು ಕಾರ್ಯಕ್ರಮ ತೋರಿಸಿತು. 7 ವರ್ಷಕ್ಕೆ ಕಾಯಿಲೆಯಿಂದ ತೀರಿಹೋದ ಮಗಳ ರೂಪವನ್ನು ಕಂಪ್ಯೂಟರಿನಲ್ಲಿ ಮಾಡಿದ್ದರು. ತಾಯಿ ವಿಆರ್ ಕನ್ನಡಕ, ಕೈಗವಸು ಹಾಕಿಕೊಂಡು ಆ ಮಗುವನ್ನ ಮುಟ್ಟೋದಕ್ಕೆ ಕೈ ಚಾಚಿದರು. ಗಳಗಳನೆ ಅತ್ತರು.

ಆ ತಾಯಿಯ ಕಣ್ಣೀರು ಸುಳ್ಳು ಅಂತ ಹೇಳೋ ಧೈರ್ಯ ಯಾರಿಗಾದರೂ ಇದೆಯಾ? ನನಗಿಲ್ಲ. ಮಗು ಕಳಕೊಂಡ ತಾಯಂದಿರು ನಮ್ಮ ಸಭೆಯಲ್ಲೂ ಇದ್ದಾರೆ. ಹಳೇ ಫೋಟೋ ಎದೆಗೆ ಒತ್ತಿಕೊಳ್ತಾರೆ, ವಾಟ್ಸಾಪ್‌ನಲ್ಲಿ ಉಳಿದಿರೋ ಧ್ವನಿಯನ್ನ ಮತ್ತೆ ಮತ್ತೆ ಕೇಳ್ತಾರೆ. ಅದನ್ನ ನಾವು ಪಾಪ ಅಂತೀವಾ? ಇಲ್ಲ. ಪ್ರಿಯರೇ, ಕಣ್ಣೀರು ಯಾವಾಗಲೂ ನಿಜ. ಹಾಗಾದ್ರೆ ತೂಗಿ ನೋಡಬೇಕಾದ್ದು ಕಣ್ಣೀರನ್ನಲ್ಲ. ಆ ಕಡೆ ಯಾರಿದ್ದಾರೆ ಅನ್ನೋದನ್ನ ಕೇಳಬೇಕು.

ಇದನ್ನ ನಮ್ಮ ಕಾಳಿ ನದಿಯಿಂದ ಹೇಳ್ತೀನಿ. ಗಣೇಶಗುಡಿಯಲ್ಲಿ ರಾಫ್ಟಿಂಗ್ ನೋಡಿದ್ದೀರಿ. ಸೂಪಾ ಡ್ಯಾಮಿನಿಂದ ನೀರು ಬಿಟ್ಟಾಗ ನದಿ ಏಳ್ತದೆ, ಬೋಟು ಕುಣೀತದೆ, ಕೂತವರು ಕೂಗ್ತಾರೆ. ಈಗ ಅದೇ ಅನುಭವವನ್ನ ವಿಆರ್ ಕನ್ನಡಕದಲ್ಲಿ ಕೊಡಬಹುದು. ಹೊಟ್ಟೆ ತೊಳಸುತ್ತದೆ, ಎದೆ ಹೊಡಕೊಳ್ತದೆ, ಭಯ ಪೂರಾ ನಿಜ. ಏನು ಕಡಿಮೆ ಆಯ್ತು? ಕಾಳಿ ನದಿಯ ಬೋಟಿನಲ್ಲಿ ಗೈಡ್ "ಫಾರ್ವರ್ಡ್" ಅಂದಾಗ ನಾನು ಹುಟ್ಟು ಹಾಕದಿದ್ರೆ ಪಕ್ಕದವನು ನೀರಿಗೆ ಬೀಳಬಹುದು. ಅವನು ಬಿದ್ರೆ ನಾನು ಅವನ ಜಾಕೆಟ್ ಹಿಡಿದು ಎಳೀಬೇಕು. ನಾನು ಬಿದ್ರೆ ಅವನು ಎಳೀಬೇಕು. ಕನ್ನಡಕದ ಬೋಟಿನಲ್ಲಿ ನನ್ನ ಹುಟ್ಟಿನ ಮೇಲೆ ಯಾರ ಜೀವವೂ ನಿಂತಿಲ್ಲ. ಬೇಜಾರಾದ್ರೆ ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟು ಚಹಾ ಕುಡಿಯಬಹುದು.

ನೋಡ್ರಿ, ಇಲ್ಲಿ ವ್ಯತ್ಯಾಸ ಇದೆ. ಅನುಭವ ಅಂದ್ರೆ ನನಗೆ ಏನಾಯ್ತು ಅನ್ನೋದು. ಪ್ರೀತಿ ಅಂದ್ರೆ ನನ್ನ ಮೇಲೆ ಇನ್ನೊಬ್ಬರಿಗೆ ಹಕ್ಕು ಇರೋದು. ಅವರು ನನ್ನನ್ನ ಕೇಳಬಹುದು, ನನ್ನಿಂದ ನೋಯಬಹುದು, ನನಗೆ "ಬೇಡ" ಅನ್ನಬಹುದು.

"ಹಾಗಾದ್ರೆ ಪರದೆಯಲ್ಲಿ ಆಗಿದ್ದೆಲ್ಲಾ ಸುಳ್ಳು ತಾನೇ ಪಾಸ್ಟರ್?" ಅಂತ ಯಾರಾದರೂ ಅನ್ನಬಹುದು. ಇಲ್ಲ, ಅವಸರ ಮಾಡಬೇಡಿ. ನಾರ್ವೆ ದೇಶದಲ್ಲಿ ಮಾಟ್ಸ್ ಸ್ಟೀನ್ ಎಂಬ ಯೌವನಸ್ಥ ಇದ್ದ. ಮಾಂಸಖಂಡಗಳು ಕ್ಷೀಣಿಸೋ ಡುಶೆನ್ ಎಂಬ ಕಾಯಿಲೆ, ಗಾಲಿಕುರ್ಚಿ ಬಿಟ್ಟು ಏಳೋ ಹಾಗಿರಲಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಸಾವಿರಾರು ಗಂಟೆ ಕಳೆದ. ಅಲ್ಲಿ ಅವನು ಇಬೆಲಿನ್ ಎಂಬ ಹೆಸರಿನಲ್ಲಿ ನಡೀತಿದ್ದ, ಓಡ್ತಿದ್ದ. 2014ರಲ್ಲಿ, 25ನೇ ವಯಸ್ಸಿಗೆ ತೀರಿಹೋದ. ಮಗ ಸ್ನೇಹಿತರೇ ಇಲ್ಲದೆ ಒಂಟಿಯಾಗಿ ಬಾಳಿ ಹೋದ ಅಂತ ತಂದೆ ತಾಯಿ ಸಂಕಟಪಟ್ಟರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದರು. ಆಮೇಲೆ ಇಮೇಲ್‌ಗಳು ಬರೋದಕ್ಕೆ ಶುರುವಾದವು, ಒಂದಲ್ಲ, ಎರಡಲ್ಲ. ಕಷ್ಟದಲ್ಲಿದ್ದಾಗ ನಿಮ್ಮ ಮಗ ನಮಗೆ ಕಿವಿಗೊಟ್ಟ, ಬುದ್ಧಿ ಹೇಳಿದ, ಧೈರ್ಯ ತುಂಬಿದ ಅಂತ ಬರೆದರು. ಒಮ್ಮೆಯೂ ಅವನ ಮುಖ ನೋಡದ ಕೆಲವರು ಬೇರೆ ದೇಶಗಳಿಂದ ಅವನ ಶವಸಂಸ್ಕಾರಕ್ಕೆ ಬಂದರು. 2024ರಲ್ಲಿ ಅವನ ಮೇಲೆ ಒಂದು ಸಾಕ್ಷ್ಯಚಿತ್ರವೂ ಬಂತು.

ಇದನ್ನ ಸುಳ್ಳು ಸಂಬಂಧ ಅನ್ನೋದಕ್ಕೆ ಆಗ್ತದಾ? ಆ ಪರದೆಯ ಹಿಂದೆ ಮನುಷ್ಯರಿದ್ದರು. ಅವನು ಅವರ ಭಾರ ಹೊತ್ತ, ಅವರು ಅವನಿಗೋಸ್ಕರ ವಿಮಾನ ಹತ್ತಿದರು. ಅಪೊಸ್ತಲನಾದ ಪೌಲನೂ ಸೆರೆಮನೆಯಿಂದ ಪತ್ರ ಬರೆದೇ ಸಭೆಗಳನ್ನ ಪ್ರೀತಿಸಿದ. ಆ ಕಾಲಕ್ಕೆ ಕಾಗದ, ಮಸಿಯೇ ತಂತ್ರಜ್ಞಾನ. ದೂರ ಇದ್ದ ಮಾತ್ರಕ್ಕೆ ಪ್ರೀತಿ ಸುಳ್ಳಾಗೋದಿಲ್ಲ. ಆದ್ರೆ ಇದನ್ನೂ ನೋಡಿ: ಅದೇ ಪೌಲ ತಿಮೊಥೆಯನಿಗೆ ಬೇಗ ಬಾ ಅಂತ ಬರೀತಾನೆ, ತಾನು ಬಿಟ್ಟುಬಂದ ಮೇಲಂಗಿ ತರೋದಕ್ಕೆ ಹೇಳ್ತಾನೆ. ಯೋಹಾನನೂ ಕಾಗದದಲ್ಲಿ ಬರೆಯೋದು ಸಾಕು, ಮುಖಾಮುಖಿ ಬರ್ತೀನಿ ಅಂತಾನೆ. ನಿಜವಾದ ಪ್ರೀತಿ ಪತ್ರದಲ್ಲೇ ನಿಲ್ಲೋದಿಲ್ಲ, ಮನೆ ಬಾಗಿಲ ಕಡೆ ನಡೀತದೆ. ಗೋವಾದಲ್ಲೋ ದುಬೈನಲ್ಲೋ ದುಡಿಯೋ ಮಗ ವಿಡಿಯೋ ಕಾಲ್ ಮಾಡಿದ್ರೆ ತಾಯಿ ಕೊನೆಗೆ ಕೇಳೋದು ಒಂದೇ: "ಯಾವಾಗ ಬರ್ತೀಯಪ್ಪಾ?"

ಈಗ ಆ ಕಡೆ ಯಾರೂ ಇಲ್ಲದ ಸ್ನೇಹದ ಬಗ್ಗೆ. ರೆಪ್ಲಿಕಾ ಅಂತ ಒಂದು ಆ್ಯಪ್ 2017ರಲ್ಲಿ ಬಂತು. ಎಐ ಸ್ನೇಹಿತ, ಎಐ ಪ್ರೇಯಸಿ. 2023ರ ಫೆಬ್ರುವರಿಯಲ್ಲಿ ಕಂಪನಿ ಅದರ ಪ್ರಣಯದ ಮಾತುಗಳಿಗೆ ತಡೆ ಹಾಕಿತು. ಒಂದೇ ಸಲಕ್ಕೆ ಎಷ್ಟೋ ಜನರ "ಸಂಗಾತಿ" ಅಪರಿಚಿತರ ಹಾಗೆ ಮಾತಾಡೋದಕ್ಕೆ ಶುರುಮಾಡಿತು. ಸತ್ತವರಿಗೆ ಅಳೋ ಹಾಗೆ ಜನ ಅತ್ತರು. ಯೋಚಿಸಿ ಪ್ರಿಯರೇ: ನಿಮ್ಮ ಸ್ನೇಹಿತನಿಗೆ ಒಬ್ಬ ಮಾಲೀಕ ಇದ್ದಾನೆ. ಅವನು ನಿಮ್ಮನ್ನ ಕೇಳದೆ ಸ್ನೇಹಿತನ ಸ್ವಭಾವ ಬದಲಾಯಿಸಬಹುದು. ನಿಮ್ಮ ಕಣ್ಣೀರಿನ ಮಾತುಗಳು ಅವನ ಕಂಪ್ಯೂಟರಿನಲ್ಲಿ ಉಳೀತವೆ. ನಮ್ಮ ಹಿರಿಯರು ಕನ್ನಡಿಯೊಳಗಿನ ಗಂಟು ಅಂತಿದ್ದರು. ಕಾಣ್ತದೆ, ಕೈಗೆ ಸಿಗೋದಿಲ್ಲ. ಇಲ್ಲಿ ಇನ್ನೂ ಒಂದು ಇದೆ: ಆ ಕನ್ನಡಿಗೆ ನಾವು ತಿಂಗಳು ತಿಂಗಳು ಬಾಡಿಗೆ ಕಟ್ತಾ ಇರ್ತೀವಿ.

ಇಂಥ ಸ್ನೇಹಿತ ನಿಮ್ಮ ಮನಸ್ಸಿಗೆ ಹಿಡಿಸೋ ಹಾಗೆಯೇ ಮಾತಾಡೋದಕ್ಕೆ ತಯಾರಾಗಿದ್ದಾನೆ. ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿಗೆ ಹೋದವರು ಮಠದ ಅಂಗಳದಲ್ಲಿ ಭಿಕ್ಷುಗಳು ವಾದ ಮಾಡೋದನ್ನ ನೋಡಿರ್ತೀರಿ. ಒಬ್ಬ ಕೂತಿರ್ತಾನೆ, ಇನ್ನೊಬ್ಬ ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೀತಾನೆ. ನಮ್ಮ ವಿಶ್ವಾಸ ಬೇರೆ, ಅವರದ್ದು ಬೇರೆ. ಆದ್ರೆ ಒಂದು ಅವರಿಗೆ ಗೊತ್ತು: ಎದುರು ನಿಂತು ಪ್ರಶ್ನೆ ಮಾಡೋನು ಇಲ್ಲದಿದ್ರೆ ಮನುಷ್ಯ ಬೆಳೆಯೋದಿಲ್ಲ. ನಾತಾನನು ದಾವೀದನ ಮುಂದೆ ನಿಂತು ಅವನ ಪಾಪವನ್ನ ಮುಖಕ್ಕೇ ಹೇಳಿದ. ಅದಕ್ಕೇ ನಾತಾನ ನಿಜವಾದ ಸ್ನೇಹಿತ. ದಾವೀದನ ಕೈಯಲ್ಲಿ ಒಂದು ಎಐ ಇದ್ದಿದ್ರೆ, "ರಾಜರೇ, ನಿಮ್ಮ ಭಾವನೆ ನನಗೆ ಅರ್ಥ ಆಗ್ತದೆ" ಅಂತಿತ್ತೇನೋ!

ಇನ್ನೊಂದು ಮಾತು, ಇದು ಜೋಯಿಡಾದವರಿಗೆ. ಕಾಳಿ ನದಿಗೆ 101 ಮೀಟರ್ ಎತ್ತರದ ಡ್ಯಾಮ್ ಕಟ್ಟಿದಾಗ ಹಳೇ ಸೂಪಾ ಊರು ನೀರಿನಲ್ಲಿ ಮುಳುಗಿತು. ಜನ ರಾಮನಗರ ಮತ್ತೆ ಬೇರೆ ಬೇರೆ ಕಡೆ ಹೋದರು. ನಾಳೆ ಯಾರಾದರೂ ಆ ಊರನ್ನ ವಿಆರ್‌ನಲ್ಲಿ ಮತ್ತೆ ಕಟ್ಟಿದ್ರೆ? ಅದೇ ಸಂತೆ, ಅದೇ ಬೀದಿ, ಅದೇ ಮರ. ಹಿರಿಯರು ಕನ್ನಡಕ ಹಾಕಿಕೊಂಡು ಅಳ್ತಾರೆ. ಅದು ಒಳ್ಳೇ ಕೆಲಸವೇ, ನಾನು ಬೇಡ ಅನ್ನೋದಿಲ್ಲ. ಮೊಮ್ಮಕ್ಕಳಿಗೂ ಊರು ಕಾಣಲಿ. ಆದ್ರೆ ಆ ಬೀದಿಯಲ್ಲಿ ಸಾಲ ಕೊಟ್ಟವನು ಇರೋದಿಲ್ಲ, ಗಡಿ ಜಗಳ ಆಡಿದವನು ಇರೋದಿಲ್ಲ, ಬಾಣಂತನಕ್ಕೆ ಬಂದ ಅಕ್ಕ ಇರೋದಿಲ್ಲ. ಅವರಲ್ಲಿ ಕೆಲವರು ಇವತ್ತಿಗೂ ರಾಮನಗರದಲ್ಲಿ ಬದುಕಿದ್ದಾರೆ, ಬಸ್ಸು ಹತ್ತಿದ್ರೆ ಸಿಗ್ತಾರೆ. ಕನ್ನಡಕ ನಮ್ಮನ್ನ ಆ ಬಸ್ಸಿಗೆ ಹತ್ತಿಸಿದ್ರೆ ಆಶೀರ್ವಾದ. ಆ ಬಸ್ಸೇ ಬೇಡ ಅನಿಸಿಬಿಟ್ರೆ ಅದು ಉರುಲು.

ಮಗು ತೀರಿಕೊಂಡಾಗ ದಾವೀದನು ಎದ್ದು, ಸ್ನಾನ ಮಾಡಿ, ಆರಾಧಿಸಿ, ಊಟ ಮಾಡಿದ. ಆಮೇಲೆ ಬತ್ಷೆಬೆಯ ಹತ್ತಿರ ಹೋಗಿ ಆಕೆಯನ್ನ ಸಂತೈಸಿದ. ದುಃಖದಲ್ಲಿದ್ದ ಇನ್ನೊಂದು ಜೀವ ಅದೇ ಮನೆಯಲ್ಲಿತ್ತು. ಸತ್ತವರ ರೂಪವನ್ನ ನೋಡ್ತಾ ಕೂತವರಿಗೆ ಬದುಕಿರೋರ ಅಳು ಕೇಳದೆ ಹೋಗಬಾರದು. ನನ್ನ ಭಯ ಅಷ್ಟೇ.

ಯೇಸು ಸ್ವಾಮಿ ಪುನರುತ್ಥಾನದ ಶರೀರದಲ್ಲಿ ಶಿಷ್ಯರ ಮಧ್ಯೆ ಬಂದಾಗ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ತೋಮನಿಗೆ ಅದನ್ನೇ ತೋರಿಸಿದರು. ಅವತಾರ್ ಮಾಡುವಾಗ ನಾವು ಮೊದಲು ಅಳಿಸೋದು ಗಾಯದ ಗುರುತನ್ನೇ, ಅಲ್ವಾ? ಬಣ್ಣ ತಿಳಿ ಮಾಡ್ತೀವಿ, ಹೊಟ್ಟೆ ಸಣ್ಣ ಮಾಡ್ತೀವಿ. ನನ್ನ ಗಾಯ ಗೊತ್ತಿದ್ದೂ ಹತ್ತಿರ ಬರೋನೇ ಸ್ನೇಹಿತ.

ಹಾಗಾಗಿ ಯೌವನಸ್ಥರೇ, ಕನ್ನಡಕ ಹಾಕಿಕೊಳ್ಳೋ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಆ ಕಡೆ ಯಾರಾದರೂ ಇದ್ದಾರಾ? ಇದ್ರೆ, ಅವರಿಗೋಸ್ಕರ ನಾನು ಏನಾದರೂ ಮಾಡ್ತಿದ್ದೀನಾ, ಅಥವಾ ಬರೀ ನನ್ನ ಮನಸ್ಸು ಹಗುರ ಮಾಡಿಕೊಳ್ತಿದ್ದೀನಾ?

ಸಭೆಯ ಹಿರಿಯರೇ, ಈಗ ನಮ್ಮ ಸರದಿ. ಆ ಹುಡುಗ ಯಂತ್ರದ ಹತ್ತಿರ ಯಾಕೆ ಹೋದ? ಅದು ಬೈಯೋದಿಲ್ಲ, ಅವಸರ ಮಾಡೋದಿಲ್ಲ, ಮಾತು ಮುಗಿಯೋದಕ್ಕೆ ಮುಂಚೆ ಉಪದೇಶ ಮಾಡೋದಿಲ್ಲ. ನಾವು ಹಾಗಿದ್ದೀವಾ? ಆರಾಧನೆ ಮುಗಿದ ಕೂಡಲೇ "ಪ್ರೈಸ್ ದ ಲಾರ್ಡ್" ಅಂತ ಕೈ ಕುಲುಕಿ ಬೈಕ್ ಸ್ಟಾರ್ಟ್ ಮಾಡ್ತೀವಿ. ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತಿರೋ ತಂಗಿಯ ಹೆಸರು ನಮಗೆ ಗೊತ್ತಿಲ್ಲ. ಜೋಯಿಡಾದ ಒಳಗಿನ ಹಳ್ಳಿಯಲ್ಲಿ ಸಿಗ್ನಲ್‌ಗೆ ಗುಡ್ಡ ಹತ್ತಿ ನಮ್ಮ ಆರಾಧನೆ ನೋಡೋ ತಾಯಿಯ ಮನೆಗೆ ನಾವು ಎಷ್ಟು ಸಲ ಹೋಗಿದ್ದೀವಿ? ಆಕೆಗೆ ನಾವೂ ಬರೀ ಪರದೆಯೇ ಆಗಿಬಿಟ್ಟಿದ್ದೀವಿ.

ಈ ವಾರ ಪ್ರತಿಯೊಬ್ಬರೂ ಒಂದು ಮನೆಗೆ ಹೋಗಿ. ಅರ್ಧ ಗಂಟೆ ಕೂತು, ಅವರು ಹೇಳೋದನ್ನ ಪೂರ್ತಿ ಕೇಳಿ. ಫೋನು ಜೇಬಿನಲ್ಲೇ ಇರಲಿ. ಮುಂದಿನ ಭಾನುವಾರ ಬರುವಾಗ ಅವರನ್ನೂ ಗಾಡಿಯಲ್ಲಿ ಕರಕೊಂಡು ಬನ್ನಿ. ಮುಖ ಕೊಟ್ಟ ದೇವರು ಒಬ್ಬರ ಮುಖ ಒಬ್ಬರು ನೋಡೋ ಕೃಪೆಯನ್ನೂ ಕೊಡಲಿ. ಆಮೆನ್.